ಒಂದು ಪಾರ್ಕಿಗೆ ಎಷ್ಟು ಸಹಿ ಬೇಕು?

ನಮ್ಮ ಕ್ಯಾಂಪಸ್ಸಿನಲ್ಲಿ ಒಂದು ಬ್ಯಾನರ್ ಕಟ್ಟಬೇಕು ಅಂದ್ರೆ ಏನೆಲ್ಲ ಆಗತ್ತೆ ಅಂತ ನಮಗೆಲ್ಲ ಗೊತ್ತೇ ಇದೆ. ಫ್ಯಾಕಲ್ಟಿ ಕೋಆರ್ಡಿನೇಟರ್ ಸಹಿ, ಎಚ್‌ಓಡಿ ಸಹಿ, ಪ್ರಿನ್ಸಿಪಾಲ್ ಆಫೀಸಿನ ಸೀಲು, ಕೊನೆಗೆ ಸೆಕ್ಯೂರಿಟಿ ಅಣ್ಣನ ಕೈಗೆ ಒಂದು ಕಾಪಿ. ಆರು ಅಡಿ ಬಟ್ಟೆಗೆ ಇಷ್ಟು ಓಡಾಟ! ಹಾಗಾದ್ರೆ ಸಮುದ್ರದ ದಂಡೆಯಲ್ಲಿ, ಹಳೇ ಎಣ್ಣೆ ಟ್ಯಾಂಕುಗಳಿದ್ದ ಜಾಗದಲ್ಲಿ, ಒಂದು ದೊಡ್ಡ ರಸ್ತೆ ಮತ್ತು ಒಂದು ರೈಲು ದಾರಿಯ ತಲೆ ಮೇಲೆ ಹಾಯ್ದು ಹೋಗುವ ಒಂಬತ್ತು ಎಕರೆ ಶಿಲ್ಪವನ ಕಟ್ತೀವಿ ಅಂತ ಯಾರಾದ್ರೂ ಬಂದರೆ, ಒಂದು ನಗರ ಅದಕ್ಕೆ ಹೇಗೆ ಒಪ್ಪಿಗೆ ಕೊಡತ್ತೆ?

ಇದು ಕಲ್ಪನೆ ಅಲ್ಲ. ಅಮೆರಿಕದ ಸಿಯಾಟಲ್ ನಗರದಲ್ಲಿ ಒಲಿಂಪಿಕ್ ಸ್ಕಲ್ಪ್ಚರ್ ಪಾರ್ಕ್ ಅಂತ ಇದೆ. 2007ರ ಜನವರಿಯಲ್ಲಿ ಜನರಿಗೆ ತೆರೆದುಕೊಂಡಿತು. ಆಟದ ಒಲಿಂಪಿಕ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಕೊಲ್ಲಿಯ ಆಚೆ ಕಡೆ ಕಾಣೋ ಒಲಿಂಪಿಕ್ ಬೆಟ್ಟಗಳ ಹೆಸರು ಅದು. ಮೈಕ್ರೋಸಾಫ್ಟ್, ಅಮೆಜಾನ್ ಅಂತ ನಮ್ಮ ಎಷ್ಟೋ ಸೀನಿಯರ್‌ಗಳು ಹೋಗಿ ಸೇರಿಕೊಂಡಿರೋದು ಇದೇ ಊರಿನ ಸುತ್ತಮುತ್ತ. ಅವರ ಫೋಟೋಗಳಲ್ಲಿ ಹಸಿರು ಹುಲ್ಲಿನ ಮೇಲೆ ಒಂದು ದೊಡ್ಡ ಕೆಂಪು ಉಕ್ಕಿನ ಆಕೃತಿ, ಹಿಂದೆ ನೀರು ಕಂಡಿದ್ದರೆ, ಅದು ಇದೇ ಪಾರ್ಕು.

ಸಿವಿಲ್‌ನವರಿಗೆ ಮಾತ್ರ ಅಂತ ಇಲ್ಲೇ ನಿಲ್ಲಿಸಬೇಡಿ. ಈ ಪಾರ್ಕಿನ ಕಥೆಯಲ್ಲಿ ಮಣ್ಣಿದೆ, ಮೀನಿದೆ, ಕಾನೂನಿದೆ, ಕೊನೆಗೆ ನಿಂತುಹೋದ ಒಂದು ಟ್ರಾಮ್ ಇದೆ. ನಾವು ಹೇಳಬೇಕು ಅಂತಿರೋದು ಒಂದೇ ವಿಷಯ: 'ಅಪ್ರೂವಲ್' ಅನ್ನೋದು ಒಂದು ಠಸ್ಸೆ ಅಲ್ಲ. ಅದು ಹತ್ತಾರು ಷರತ್ತುಗಳ ಮೊತ್ತ. ಯಾರ ಹೆಸರಲ್ಲಿ ಷರತ್ತು ಇರತ್ತೋ ಅವರು ಉಳೀತಾರೆ. ಯಾರ ಹೆಸರಲ್ಲಿ ಇರಲ್ವೋ, ಅವರ ಜಾಗಕ್ಕೇ ಕತ್ತರಿ ಬೀಳತ್ತೆ.

ಜಾಗ ಹೇಗಿತ್ತು

ಮೊದಲು ಸೈಟ್ ನೋಡೋಣ. ಸಿಯಾಟಲ್ ಗುಡ್ಡಗಳ ಊರು. ಊರಿನ ಮುಂದೆ ಎಲಿಯಟ್ ಕೊಲ್ಲಿ. ಡೌನ್‌ಟೌನಿನ ಉತ್ತರದ ತುದಿಯಲ್ಲಿ ಇಪ್ಪತ್ತನೇ ಶತಮಾನದ ಮೊದಲ ಭಾಗದಿಂದ 1970ರ ದಶಕದವರೆಗೆ ಯೂನಿಯನ್ ಆಯಿಲ್ ಆಫ್ ಕ್ಯಾಲಿಫೋರ್ನಿಯಾ, ಅಂದ್ರೆ ಯುನೋಕಾಲ್ ಕಂಪನಿಯ ಇಂಧನ ಸಂಗ್ರಹಾಗಾರ ಇತ್ತು. ಟ್ಯಾಂಕುಗಳು ಹೋದ ಮೇಲೂ ಎಣ್ಣೆ ಮಣ್ಣಲ್ಲೇ ಉಳಿಯಿತು. ಆಮೇಲೆ ಸುಮಾರು 1,20,000 ಟನ್ ಕಲುಷಿತ ಮಣ್ಣನ್ನು ತೆಗೆದು ಸಾಗಿಸಬೇಕಾಯಿತು.

ಇನ್ನೊಂದು ತೊಂದರೆ ಏನಂದ್ರೆ, ಈ ಜಾಗ ಒಂದೇ ತುಂಡಾಗಿ ಇರಲಿಲ್ಲ. ಮೇಲಿನ ಭಾಗಕ್ಕೂ ನೀರಿಗೂ ಮಧ್ಯೆ ಎಲಿಯಟ್ ಅವೆನ್ಯೂ ಅನ್ನೋ ವಾಹನ ತುಂಬಿದ ರಸ್ತೆ. ಅದರ ಕೆಳಗೆ ಬಿಎನ್‌ಎಸ್‌ಎಫ್ ಕಂಪನಿಯ ರೈಲು ಹಳಿ, ಅದೂ ಗೂಡ್ಸ್ ರೈಲುಗಳು ಓಡಾಡೋ ಮುಖ್ಯ ದಾರಿ. ಮೇಲಿನ ತುದಿಯಿಂದ ನೀರಿನ ಮಟ್ಟಕ್ಕೆ ಸುಮಾರು 40 ಅಡಿ ಇಳಿಜಾರು. ಅಂದ್ರೆ ಮೂರು ತುಂಡು ನೆಲ, ಮಧ್ಯೆ ಎರಡು ಗೀಟು. ಜನ ಊರಿಂದ ನೀರಿನ ಹತ್ತಿರ ನಡೆದುಕೊಂಡು ಹೋಗೋಕೆ ದಾರಿಯೇ ಇರಲಿಲ್ಲ. ಸಮುದ್ರ ಕಣ್ಣಿಗೆ ಕಾಣ್ತಿತ್ತು, ಕಾಲಿಗೆ ಸಿಕ್ತಿರಲಿಲ್ಲ.

ಈ ಊರಿಗೆ ನೆಲ ಕಡಿಯೋದು ಹೊಸದೇನಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಲ್ಲೇ ಪಕ್ಕದ ಡೆನ್ನಿ ಹಿಲ್ ಅನ್ನೋ ಗುಡ್ಡವನ್ನ ಜೋರಾದ ನೀರಿನ ಪೈಪು ಹಿಡಿದು ಕರಗಿಸಿ, ಆ ಮಣ್ಣನ್ನ ಕೊಲ್ಲಿಗೆ ಸುರಿದಿದ್ದರು. ಅವತ್ತು ಯಾರನ್ನೂ ಹೆಚ್ಚು ಕೇಳಬೇಕಾಗಿರಲಿಲ್ಲ. ನೂರು ವರ್ಷ ಆದಮೇಲೆ ಅದೇ ದಂಡೆಯಲ್ಲಿ ಒಂದು ಬಂಡೆ ಇಡೋಕೂ ಮೀನಿನ ಕ್ಯಾಲೆಂಡರ್ ನೋಡಬೇಕು. ಈ ಎರಡು ಕಾಲದ ನಡುವಿನ ವ್ಯತ್ಯಾಸವನ್ನೇ ನಾವು 'ಅಪ್ರೂವಲ್ ಪ್ರೋಸೆಸ್' ಅಂತ ಕರೆಯೋದು.

ಐಡಿಯಾ ಬಂದಿದ್ದು, ದುಡ್ಡು ಬಂದಿದ್ದು

ದೊಡ್ಡ ದೊಡ್ಡ ಶಿಲ್ಪಗಳನ್ನ ಬಯಲಲ್ಲಿ ಇಡೋಕೆ ಒಂದು ಹಸಿರು ಜಾಗ ಬೇಕು ಅನ್ನೋ ಮಾತು ಸಿಯಾಟಲ್ ಆರ್ಟ್ ಮ್ಯೂಸಿಯಂನವರ ಮಧ್ಯೆ ಮೊದಲೇ ಇತ್ತು. ಅದಕ್ಕೆ ಕಾಲು ಬಂದಿದ್ದು 1996ರಲ್ಲಿ, ಅದೂ ಮಂಗೋಲಿಯಾದಲ್ಲಿ! ಮ್ಯೂಸಿಯಂನ ನಿರ್ದೇಶಕಿ ಮಿಮಿ ಗಾರ್ಡ್ನರ್ ಗೇಟ್ಸ್ ಮತ್ತು ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಸಂಸ್ಥೆಯ ಟ್ರಸ್ಟಿ ಮಾರ್ಥಾ ವೈಕಾಫ್ ಮೀನು ಹಿಡಿಯೋ ಪ್ರವಾಸಕ್ಕೆ ಹೋಗಿ ಅಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ಕೂತು ಮಾತಾಡಿದ್ದು ಇದನ್ನೇ. ವಾಪಸ್ ಬಂದ ಮೇಲೆ ಜಾಗ ಹುಡುಕೋ ಕೆಲಸ ಶುರುವಾಯ್ತು. 1999ರಲ್ಲಿ ಎರಡೂ ಸಂಸ್ಥೆ ಸೇರಿ ಸುಮಾರು 1.7 ಕೋಟಿ ಡಾಲರ್‌ಗೆ ಯುನೋಕಾಲ್‌ನ ಜಾಗ ಕೊಂಡರು.

ಒಟ್ಟು ಯೋಜನೆಗೆ ಆದ ಖರ್ಚು ಸುಮಾರು 8.5 ಕೋಟಿ ಡಾಲರ್. ಮೈಕ್ರೋಸಾಫ್ಟ್‌ನ ಮಾಜಿ ಅಧ್ಯಕ್ಷ ಜಾನ್ ಶರ್ಲಿ ಮತ್ತು ಅವರ ಪತ್ನಿ ಮೇರಿ ಶರ್ಲಿ 2 ಕೋಟಿ ಡಾಲರ್ ನಿಧಿ ಇಟ್ಟರು. ಗಮನಿಸಿ, ಈ ದುಡ್ಡು ಕಟ್ಟೋದಕ್ಕೆ ಅಲ್ಲ, ನಡೆಸೋದಕ್ಕೆ. ಹಾಗಾಗಿ ಇವತ್ತಿಗೂ ಆ ಪಾರ್ಕಿಗೆ ಟಿಕೆಟ್ ಇಲ್ಲ. ನಮ್ಮಲ್ಲಿ ಎಷ್ಟೋ ಕಾರಂಜಿಗಳು ಉದ್ಘಾಟನೆ ದಿನ ಚಿಮ್ಮಿ ಆಮೇಲೆ ಒಣಗಿ ಕೂರೋದು ಯಾಕೆ ಅಂತ ಯೋಚಿಸಿದರೆ, ನಡೆಸೋ ದುಡ್ಡನ್ನ ಮೊದಲೇ ಎತ್ತಿಡೋದು ಎಷ್ಟು ದೊಡ್ಡ ಡಿಸೈನ್ ನಿರ್ಧಾರ ಅಂತ ಅರ್ಥ ಆಗತ್ತೆ.

ಸ್ಪರ್ಧೆ ಗೆದ್ದರೆ ಮುಗೀತಾ?

ಡಿಸೈನ್‌ಗೆ ಅಂತರರಾಷ್ಟ್ರೀಯ ಸ್ಪರ್ಧೆ ಇಟ್ಟರು. 2001ರಲ್ಲಿ ಗೆದ್ದಿದ್ದು ನ್ಯೂಯಾರ್ಕ್‌ನ ವೈಸ್/ಮ್ಯಾನ್‌ಫ್ರೆಡಿ ಅನ್ನೋ ಸಂಸ್ಥೆ. ಮ್ಯಾರಿಯನ್ ವೈಸ್ ಮತ್ತು ಮೈಕೆಲ್ ಮ್ಯಾನ್‌ಫ್ರೆಡಿ ಅವರದ್ದು. ಅವರ ಉತ್ತರ ಕೇಳೋಕೆ ಸರಳವಾಗಿದೆ: ಮೂರು ತುಂಡು ನೆಲವನ್ನ ಮೂರು ಪಾರ್ಕು ಅಂತ ನೋಡಬೇಡಿ, ಮೇಲಿಂದ ನೀರಿನವರೆಗೆ ಇಂಗ್ಲಿಷ್‌ನ 'ಝೆಡ್' ಅಕ್ಷರದ ಹಾಗೆ ಮಡಚಿಕೊಂಡು ಇಳಿಯೋ ಒಂದೇ ನೆಲ ಮಾಡಿ. ದಾರಿಯ ಉದ್ದ ಸುಮಾರು 2,200 ಅಡಿ. ಅದು ಮೊದಲು ರಸ್ತೆ ಮೇಲೆ ಹಾಯತ್ತೆ, ತಿರುಗಿ ರೈಲಿನ ಮೇಲೆ ಹಾಯತ್ತೆ, ಮತ್ತೆ ತಿರುಗಿ ದಂಡೆಗೆ ಇಳಿಯತ್ತೆ. ನಡೆಯೋರಿಗೆ ಸೇತುವೆ ದಾಟಿದ ಹಾಗೆ ಅನ್ನಿಸೋದೇ ಇಲ್ಲ, ಯಾಕಂದ್ರೆ ಕಾಲ ಕೆಳಗೆ ಹುಲ್ಲೇ ಇರತ್ತೆ.

ಸ್ಪರ್ಧೆಯ ಚಿತ್ರ ಚೆನ್ನಾಗಿದೆ ಅಂತ ತೀರ್ಪುಗಾರರು ಹೇಳೋದು ಒಂದು, ಕಟ್ಟಿ ಅಂತ ನಗರ ಹೇಳೋದು ಇನ್ನೊಂದು. ಸಿಯಾಟಲ್‌ನಲ್ಲಿ ಇಂಥ ಯೋಜನೆ ಯಾರ್ಯಾರ ಮೇಜಿನ ಮೇಲೆ ಹೋಗತ್ತೆ ಅಂತ ಒಂದೊಂದಾಗಿ ನೋಡೋಣ.

ಒಂದು, ನಗರದ ಡಿಸೈನ್ ಕಮಿಷನ್. 1968ರಲ್ಲಿ ಶುರುವಾಗಿದ್ದು. ನಗರದ ಜಾಗದಲ್ಲಿ ಅಥವಾ ನಗರದ ರಸ್ತೆ ಮೇಲೆ ಏನಾದ್ರೂ ಕಟ್ಟಬೇಕಾದ್ರೆ ಇವರು ನೋಡ್ತಾರೆ. ಇವರಲ್ಲಿ ಆರ್ಕಿಟೆಕ್ಟ್, ಎಂಜಿನಿಯರ್, ಕಲಾವಿದರು, ಸಾಮಾನ್ಯ ನಾಗರಿಕರು ಎಲ್ಲ ಇರ್ತಾರೆ. ಒಂದೇ ಸಲ ನೋಡಿ ಪಾಸು-ಫೇಲು ಮಾಡಲ್ಲ. ಕಲ್ಪನೆ ಹಂತದಲ್ಲಿ ಒಮ್ಮೆ, ಸ್ಕೀಮ್ಯಾಟಿಕ್ ಹಂತದಲ್ಲಿ ಒಮ್ಮೆ, ವಿವರಗಳ ಹಂತದಲ್ಲಿ ಇನ್ನೊಮ್ಮೆ ಕರೆಸಿ ಕೇಳ್ತಾರೆ. ನಮ್ಮ ಪ್ರಾಜೆಕ್ಟ್ ರಿವ್ಯೂ ಒನ್, ರಿವ್ಯೂ ಟೂ ಇದ್ದ ಹಾಗೆ. ಒಂದು ವ್ಯತ್ಯಾಸ: ಅವರ ಸಭೆ ಬಾಗಿಲು ತೆರೆದೇ ನಡೆಯತ್ತೆ, ಯಾರು ಬೇಕಾದ್ರೂ ಹೋಗಿ ಕೂರಬಹುದು. ಆದರೆ ಇವರು ಸಲಹೆ ಕೊಡೋರು ಮಾತ್ರ. ಕೊನೆಯ ಮಾತು ಮೇಯರ್, ಕೌನ್ಸಿಲ್ ಮತ್ತು ಇಲಾಖೆಗಳದ್ದು.

ಎರಡು, ದಂಡೆಯ ಕಾನೂನು. ವಾಷಿಂಗ್ಟನ್ ರಾಜ್ಯದಲ್ಲಿ 1971ರಿಂದ ಶೋರ್‌ಲೈನ್ ಮ್ಯಾನೇಜ್‌ಮೆಂಟ್ ಆಕ್ಟ್ ಇದೆ. ನೀರಿನ ಅಂಚಿನಿಂದ 200 ಅಡಿ ಒಳಗೆ ದೊಡ್ಡ ಕೆಲಸ ಏನೇ ಮಾಡಿದರೂ ಪ್ರತ್ಯೇಕ ಪರವಾನಗಿ ಬೇಕು. ಜನ ನೀರಿನ ಹತ್ತಿರ ಬರೋಕೆ ಅನುಕೂಲ ಆಗತ್ತಾ, ದಂಡೆಯ ಜೀವಿಗಳಿಗೆ ತೊಂದರೆ ಇಲ್ವಾ ಅಂತ ಕೇಳ್ತಾರೆ. ಜೊತೆಗೆ ರಾಜ್ಯದ ಪರಿಸರ ಕಾಯ್ದೆ ಪ್ರಕಾರ ಪರಿಸರದ ಮೇಲಾಗೋ ಪರಿಣಾಮವನ್ನ ಬರೆದು ಕೊಡಬೇಕು.

ಮೂರು, ವಿಷದ ಮಣ್ಣಿನ ಕಾನೂನು. ಎಣ್ಣೆ ಸೋರಿದ ಜಾಗವನ್ನ ಎಷ್ಟರ ಮಟ್ಟಿಗೆ ಶುದ್ಧ ಮಾಡಿದ್ರೆ ಅಲ್ಲಿ ಮಕ್ಕಳು ಉರುಳಾಡಬಹುದು ಅಂತ ರಾಜ್ಯದ ನಿಯಮ ಇದೆ.

ನಾಲ್ಕು, ನೀರಿನೊಳಗಿನ ಕೆಲಸ. ಅದಕ್ಕೆ ಕೇಂದ್ರ ಸರ್ಕಾರದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ಅನುಮತಿ ಬೇಕು. ಅವರು ಮೀನುಗಾರಿಕೆ ಇಲಾಖೆಯ ವಿಜ್ಞಾನಿಗಳನ್ನ ಕೇಳದೆ ಕೊಡೋ ಹಾಗಿಲ್ಲ.

ಐದು, ರೈಲು ಕಂಪನಿ. ಹಳಿಯ ಮೇಲೆ ಎಷ್ಟು ಎತ್ತರ ಬಿಡಬೇಕು, ಕಂಬ ಎಲ್ಲಿ ಬರಬಾರದು, ರೈಲು ನಿಲ್ಲಿಸದೆ ಮೇಲೆ ಕೆಲಸ ಹೇಗೆ ಮಾಡ್ತೀರಿ ಅನ್ನೋದು ಅವರ ಪ್ರಶ್ನೆ. ಇದರಲ್ಲಿ ಚೌಕಾಸಿ ನಡೆಯಲ್ಲ.

ಈ ಐದೂ ಕಡೆ ಬೇರೆ ಬೇರೆ ಭಾಷೆ ಮಾತಾಡಬೇಕು. ಒಂದು ಕಡೆ ಸೌಂದರ್ಯ, ಒಂದು ಕಡೆ ಕಾನೂನು, ಒಂದು ಕಡೆ ಕೆಮಿಸ್ಟ್ರಿ, ಒಂದು ಕಡೆ ಜೀವಶಾಸ್ತ್ರ, ಒಂದು ಕಡೆ ಇಂಚುಗಳ ಲೆಕ್ಕ. ಡ್ರಾಯಿಂಗ್ ಮಾತ್ರ ಒಂದೇ.

ಮಣ್ಣೇ ಗೋಡೆ

ಈಗ ನಮ್ಮ ಸಾಯಿಲ್ ಮೆಕ್ಯಾನಿಕ್ಸ್. ರಸ್ತೆ ಮತ್ತು ರೈಲಿನ ಎತ್ತರಕ್ಕೆ ಹುಲ್ಲಿನ ನೆಲ ಏರಬೇಕಾದ್ರೆ ಮಣ್ಣು ತುಂಬಬೇಕು. ಇಲ್ಲಿ ತುಂಬಿದ್ದು ಸುಮಾರು 2 ಲಕ್ಷ ಘನ ಗಜ, ಅಂದ್ರೆ ಹೆಚ್ಚು ಕಡಿಮೆ 1.5 ಲಕ್ಷ ಘನ ಮೀಟರ್. ಒಂದು ಟಿಪ್ಪರ್ ಲಾರಿಗೆ 10 ಘನ ಮೀಟರ್ ಅಂತ ಇಟ್ಟುಕೊಂಡರೂ 15,000 ಲೋಡ್. ಅದೇ ಹೊತ್ತಿಗೆ ಮ್ಯೂಸಿಯಂನವರು ಡೌನ್‌ಟೌನಿನಲ್ಲಿ ತಮ್ಮ ಕಟ್ಟಡ ವಿಸ್ತರಿಸೋಕೆ ಪಾಯ ಅಗೀತಿದ್ದರು. ಆ ಮಣ್ಣನ್ನ ತಂದು ಇಲ್ಲಿ ಹಾಕಿದರು. ಅಲ್ಲಿ ತೆಗೆದಿದ್ದು ಇಲ್ಲಿ ಗುಡ್ಡ ಆಯ್ತು.

ಆದರೆ ಅಷ್ಟು ಮಣ್ಣನ್ನ ರಸ್ತೆ ಪಕ್ಕ ನೆಟ್ಟಗೆ ನಿಲ್ಲಿಸೋದು ಹೇಗೆ? ಒಂದು ಚಿಕ್ಕ ಲೆಕ್ಕ ಮಾಡೋಣ. ಇದು ಉದಾಹರಣೆಗೆ ಮಾತ್ರ, ಪಾರ್ಕಿನ ಗೋಡೆಯ ಅಳತೆ ಅಲ್ಲ. 10 ಮೀಟರ್ ಎತ್ತರದ ಮಣ್ಣು, ಘರ್ಷಣ ಕೋನ 30 ಡಿಗ್ರಿ, ತೂಕ ಘನ ಮೀಟರ್‌ಗೆ 18 ಕಿಲೋನ್ಯೂಟನ್ ಅಂದುಕೊಳ್ಳಿ. ರ‍್ಯಾಂಕಿನ್ ಸೂತ್ರದಲ್ಲಿ ಆಕ್ಟಿವ್ ಪ್ರೆಶರ್ ಗುಣಾಂಕ 1/3. ಹಾಗಾದ್ರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಅರ್ಧ × 1/3 × 18 × 100, ಒಟ್ಟು 300 ಕಿಲೋನ್ಯೂಟನ್ ತಳ್ಳು. ಪ್ರತಿ ಮೀಟರ್‌ಗೂ ಹೆಚ್ಚು ಕಡಿಮೆ 30 ಟನ್! ಇದನ್ನ ಬರೀ ಕಾಂಕ್ರೀಟ್ ಗೋಡೆಯಿಂದ ತಡೆಯೋಕೆ ಹೋದರೆ ಗೋಡೆ ಬಲು ದಪ್ಪ ಆಗತ್ತೆ.

ಅದಕ್ಕೆ ಇನ್ನೊಂದು ದಾರಿ ಇದೆ. ಮಣ್ಣನ್ನ ಪದರ ಪದರವಾಗಿ ಹಾಕಿ ದಮ್ಮಸ್ಸು ಮಾಡೋದು, ಪ್ರತಿ ಪದರದ ಮಧ್ಯೆ ಉಕ್ಕಿನ ಪಟ್ಟಿ ಅಥವಾ ಜಾಲರಿ ಮಲಗಿಸೋದು. ಮಣ್ಣು ಹೊರಗೆ ಜಾರೋಕೆ ನೋಡಿದಾಗ ಪಟ್ಟಿಯ ಮೇಲಿನ ಘರ್ಷಣೆ ಅದನ್ನ ಹಿಡಿದುಕೊಳ್ಳತ್ತೆ. ಆಗ ಮಣ್ಣು ತಳ್ಳೋ ಭಾರ ಆಗಿ ಉಳಿಯಲ್ಲ, ಅದೇ ಗೋಡೆ ಆಗತ್ತೆ. ಮುಂದೆ ಕಾಣೋ ಕಾಂಕ್ರೀಟ್ ಹಲಗೆಗಳು ಮುಖ ಮುಚ್ಚೋ ಕೆಲಸ ಮಾತ್ರ ಮಾಡ್ತವೆ. 1960ರ ದಶಕದಲ್ಲಿ ಫ್ರಾನ್ಸಿನ ಎಂಜಿನಿಯರ್ ಆನ್ರಿ ವಿದಾಲ್ ಈ ವಿಧಾನವನ್ನ ಬಳಕೆಗೆ ತಂದರು. ಬೆಂಗಳೂರಿನ ಫ್ಲೈಓವರ್ ಏರೋ ಜಾಗದಲ್ಲಿ ಎರಡೂ ಬದಿಗೆ ಒಂದಕ್ಕೊಂದು ಹೆಣೆದ ಹಾಗೆ ಕಾಣೋ ಕಾಂಕ್ರೀಟ್ ಹಲಗೆಗಳಿವೆಯಲ್ಲ, ಸೈಟಿನವರು 'ಆರ್‌ಇ ವಾಲ್' ಅಂತಾರಲ್ಲ, ಅದೇ ತತ್ವ. ಸಿಯಾಟಲ್‌ನಲ್ಲಿ ಅದೇ ಹಲಗೆಗಳನ್ನ ಒಂದರ ಮೇಲೊಂದು ಬರುವ ಹಾಗೆ ಓರೆಯಾಗಿ ಜೋಡಿಸಿ ಪಾರ್ಕಿನ ರೂಪವನ್ನೇ ಮಾಡಿಕೊಂಡರು. ಭೂಕಂಪದ ಊರಾದ್ದರಿಂದ ಸ್ವಲ್ಪ ಅಲುಗಾಡಿದರೂ ತಡೆದುಕೊಳ್ಳೋ ಗೋಡೆ ಅಲ್ಲಿಗೆ ಬೇಕೇ ಬೇಕು. ಸ್ಪರ್ಧೆಯ ವರ್ಷ, 2001ರ ಫೆಬ್ರವರಿಯಲ್ಲೇ, ಅಲ್ಲಿ 6.8 ತೀವ್ರತೆಯ ನಿಸ್ಕ್ವಾಲಿ ಭೂಕಂಪ ಆಗಿತ್ತು.

ಮೀನಿಗೂ ಒಂದು ಕುರ್ಚಿ

ಈಗ ಕೆಳಗಿನ ತುದಿಗೆ, ನೀರಿಗೆ ಬರೋಣ. ಸಿಯಾಟಲ್‌ನ ದಂಡೆಯ ಬಹುಭಾಗ ನೆಟ್ಟಗಿನ ತಡೆಗೋಡೆ. ಹಡಗಿಗೆ ಅನುಕೂಲ, ಮರಿ ಮೀನಿಗೆ ಕಷ್ಟ. ಡುವಾಮಿಶ್ ನದಿಯಲ್ಲಿ ಇಳಿದು ಬರೋ ಸಾಲ್ಮನ್ ಮರಿಗಳು ಸಮುದ್ರಕ್ಕೆ ಹೋಗೋ ಮುಂಚೆ ದಂಡೆಯ ಉದ್ದಕ್ಕೂ ಈಜುತ್ತಾ, ತಿಂದು ದಪ್ಪ ಆಗ್ತವೆ. ಅವಕ್ಕೆ ಬೇಕಾಗಿದ್ದು ಆಳ ಇಲ್ಲದ ನೀರು, ಯಾಕಂದ್ರೆ ಅಲ್ಲಿ ದೊಡ್ಡ ಮೀನು ಬರಲ್ಲ. ಜೊತೆಗೆ ದಂಡೆಯ ಗಿಡಗಳಿಂದ ಬೀಳೋ ಹುಳುಗಳು. ನೆಟ್ಟಗಿನ ಗೋಡೆಯ ಬುಡದಲ್ಲಿ ಎರಡೂ ಇಲ್ಲ.

1999ರಲ್ಲಿ, ಅಂದ್ರೆ ಜಾಗ ಕೊಂಡ ವರ್ಷವೇ, ಪ್ಯುಜೆಟ್ ಸೌಂಡ್‌ನ ಶಿನುಕ್ ಸಾಲ್ಮನ್ ಕೇಂದ್ರದ ಅಳಿವಿನಂಚಿನ ಜೀವಿಗಳ ಕಾಯ್ದೆಯ ಪಟ್ಟಿಗೆ ಸೇರಿತು. ಇದಕ್ಕೂ ಹಳೆಯ ಹಕ್ಕೊಂದಿದೆ: 1855ರ ಪಾಯಿಂಟ್ ಎಲಿಯಟ್ ಒಪ್ಪಂದದಲ್ಲಿ ಅಲ್ಲಿನ ಮೂಲನಿವಾಸಿಗಳು ತಮ್ಮ ಮೀನುಗಾರಿಕೆಯ ಹಕ್ಕನ್ನ ಉಳಿಸಿಕೊಂಡಿದ್ದರು. ಈಗಲೂ ಮಕಲ್‌ಶೂಟ್ ಮತ್ತು ಸುಕ್ವಾಮಿಶ್ ಬುಡಕಟ್ಟುಗಳು ಎಲಿಯಟ್ ಕೊಲ್ಲಿಯಲ್ಲಿ ಮೀನು ಹಿಡಿಯೋದು ಕಾನೂನಿನ ಹಕ್ಕು. ಹೀಗಾಗಿ ದಂಡೆಯಲ್ಲಿ ಕೆಲಸ ಮಾಡೋರು ಮೀನನ್ನ ಮರೆಯೋ ಹಾಗೇ ಇಲ್ಲ. ಮರಿಗಳು ಓಡಾಡೋ ತಿಂಗಳುಗಳಲ್ಲಿ ನೀರಿನೊಳಗೆ ಕೆಲಸ ನಿಲ್ಲಿಸಬೇಕು ಅನ್ನೋ ರೀತಿಯ ಷರತ್ತುಗಳು ಅಲ್ಲಿ ಮಾಮೂಲಿ.

ಪಾರ್ಕಿನವರು ಏನು ಮಾಡಿದರು ನೋಡಿ. ಹಳೇ ತಡೆಗೋಡೆ ದುರ್ಬಲ ಆಗಿತ್ತು. ಅದನ್ನ ಕಿತ್ತು ಹೊಸದು ಕಟ್ಟೋ ಬದಲು, ಅದರ ಮುಂದೆ ನೀರೊಳಗೆ ಬಂಡೆಗಳನ್ನ ಒರಗಿಸಿ ಆಸರೆ ಕೊಟ್ಟರು. ಆ ಬಂಡೆರಾಶಿಯ ಮೇಲೇ ಒಂದು ಅಗಲ ಮೆಟ್ಟಿಲಿನ ಹಾಗೆ ಆಳವಿಲ್ಲದ ಜಾಗ ಮಾಡಿದರು, ಮರಿ ಮೀನಿಗೆ ಅಂತ. ಪಕ್ಕದಲ್ಲಿ ದಂಡೆಯನ್ನ ಒಳಗೆ ಕೊರೆದು ಕಲ್ಲು, ಮರದ ದಿಮ್ಮಿ, ಸ್ಥಳೀಯ ಗಿಡ ಇರೋ ಒಂದು ಪುಟ್ಟ ಬೀಚ್ ಮಾಡಿದರು. ಒಂದೇ ಕಲ್ಲಿನ ರಾಶಿ ಗೋಡೆಗೂ ಆಸರೆ, ಮೀನಿಗೂ ಮನೆ. ಆಮೇಲೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ವರ್ಷಗಟ್ಟಲೆ ಇಳಿದು ಎಣಿಸಿದರು. ಗೋಡೆ ಇರೋ ದಂಡೆಗಿಂತ ಇಲ್ಲಿ ಸಾಲ್ಮನ್ ಮರಿಗಳು ಹೆಚ್ಚು ಕಂಡವು. ಮುಂದೆ ಸಿಯಾಟಲ್ ನಗರ ತನ್ನ ಮುಖ್ಯ ತಡೆಗೋಡೆಯನ್ನ ಹೊಸದಾಗಿ ಕಟ್ಟುವಾಗ, ಮೀನಿಗೆ ಬೆಳಕು ಬೀಳಲಿ ಅಂತ ಫುಟ್‌ಪಾತಿನಲ್ಲಿ ಗಾಜಿನ ಬಿಲ್ಲೆಗಳನ್ನ ಕೂರಿಸಿತು.

ಮೀನಿಗೆ ಈ ಜಾಗ ಸಿಕ್ಕಿದ್ದು ಡಿಸೈನರ್‌ಗಳ ಒಳ್ಳೇ ಮನಸ್ಸಿನಿಂದ ಮಾತ್ರ ಅಲ್ಲ. ಮೀನಿನ ಪರವಾಗಿ ಒಂದು ಕಾಯ್ದೆ ಆ ಸಭೆಯಲ್ಲಿ ಕೂತಿತ್ತು.

ಮತ್ತೆ ಶಿಲ್ಪ?

ಶಿಲ್ಪವನ ಅಂದಮೇಲೆ ಶಿಲ್ಪದ ಮಾತು ಬೇಡವೇ? ನಾವು ಹೇಳಿದ ಕೆಂಪು ಆಕೃತಿ ಅಲೆಕ್ಸಾಂಡರ್ ಕಾಲ್ಡರ್ ಅವರ 'ಈಗಲ್', 1971ರದ್ದು, ಸುಮಾರು 39 ಅಡಿ ಎತ್ತರ. ಕೆಳಗಿನ ಕಣಿವೆಯಲ್ಲಿ ರಿಚರ್ಡ್ ಸೆರಾ ಅವರ 'ವೇಕ್', ತುಕ್ಕು ಬಣ್ಣದ ಐದು ಉಕ್ಕಿನ ಅಲೆಗಳು. ಅವುಗಳ ಮಧ್ಯೆ ನಡೆದರೆ ಹಡಗುಗಳ ನಡುವೆ ಸಿಕ್ಕ ಹಾಗಿರತ್ತೆ ಅಂತಾರೆ. ಆ ತುಕ್ಕು ಕೆಟ್ಟಿದ್ದಲ್ಲ. ಅದು ವೆದರಿಂಗ್ ಸ್ಟೀಲ್, ಮೇಲಿನ ತುಕ್ಕಿನ ಪದರವೇ ಒಳಗಿನ ಉಕ್ಕನ್ನ ಕಾಯತ್ತೆ. ರೈಲು ಹಳಿ ದಾಟೋ ಕಡೆ ತೆರೆಸಿಟಾ ಫರ್ನಾಂಡಿಸ್ ಅವರ ಬಣ್ಣದ ಗಾಜಿನ 'ಸಿಯಾಟಲ್ ಕ್ಲೌಡ್ ಕವರ್'. ಮೇಲೆ ಮೋಡದ ಬಣ್ಣ, ಕೆಳಗೆ ಗೂಡ್ಸ್ ಗಾಡಿ.

ನಮಗೆ ಹೆಚ್ಚು ಇಷ್ಟ ಆಗಿದ್ದು ಮಾರ್ಕ್ ಡಿಯಾನ್ ಅವರ 'ನ್ಯೂಕಮ್ ವಿವೇರಿಯಂ'. ಕಾಡಿನಲ್ಲಿ ಬಿದ್ದಿದ್ದ 60 ಅಡಿ ಉದ್ದದ ಹೆಮ್ಲಾಕ್ ಮರವನ್ನ ತಂದು ಗಾಜಿನ ಮನೆಯೊಳಗೆ ಮಲಗಿಸಿದ್ದಾರೆ. ಅದರ ಮೇಲೆ ಪಾಚಿ, ಜರೀಗಿಡ, ಹುಳು, ಹೊಸ ಸಸಿ. ಕಾಡಿನಲ್ಲಿ ಇದೆಲ್ಲ ಪುಕ್ಕಟೆ ನಡೆಯತ್ತೆ. ಇಲ್ಲಿ ಅದಕ್ಕೆ ನೀರು, ತೇವ, ಬೆಳಕು ಎಲ್ಲವನ್ನೂ ಮನುಷ್ಯರೇ ಒದಗಿಸಬೇಕು. ಒಂದು ಸತ್ತ ಮರ ಮಾಡೋ ಕೆಲಸಕ್ಕೆ ಎಷ್ಟು ಎಂಜಿನಿಯರಿಂಗ್ ಬೇಕು ಅಂತ ತೋರಿಸೋ ಶಿಲ್ಪ ಅದು.

ನಿಂತುಹೋದ ಟ್ರಾಮ್

ಇಲ್ಲಿವರೆಗೆ ಎಲ್ಲ ಗೆಲುವಿನ ಕಥೆ. ಇನ್ನೊಂದು ಪುಟ ಇದೆ.

ಇದೇ ದಂಡೆಯ ಉದ್ದಕ್ಕೂ 1982ರಿಂದ ಒಂದು ಟ್ರಾಮ್ ಓಡ್ತಿತ್ತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ತಂದ ಹಳೇ ಗಾಡಿಗಳು. ಇದನ್ನ ತರಿಸೋಕೆ ಹಟ ಹಿಡಿದ ಕೌನ್ಸಿಲ್ ಸದಸ್ಯ ಜಾರ್ಜ್ ಬೆನ್ಸನ್ ಅವರ ಹೆಸರನ್ನೇ ಆ ದಾರಿಗೆ ಇಟ್ಟಿದ್ದರು. ಪ್ರವಾಸಿಗಳಿಗೆ ಅದೊಂದು ಖುಷಿ, ಊರಿನವರಿಗೆ ಓಡಾಡೋಕೆ ಒಂದು ಗಾಡಿ.

ಆ ಟ್ರಾಮ್‌ಗಳನ್ನ ರಾತ್ರಿ ನಿಲ್ಲಿಸೋ, ರಿಪೇರಿ ಮಾಡೋ ಶೆಡ್ ಒಂದೇ ಒಂದು. ಅದು ಇದ್ದಿದ್ದು ಪಾರ್ಕಿಗೆ ಬೇಕಾದ ಜಾಗದಲ್ಲಿ. ಪಾರ್ಕಿಗೆ ದಾರಿ ಮಾಡೋಕೆ ಶೆಡ್ ಕೆಡವಬೇಕಾಯಿತು. 2005ರ ನವೆಂಬರ್‌ನಲ್ಲಿ ಟ್ರಾಮ್ ನಿಂತಿತು. ಹಳಿ ಹಾಗೇ ಇತ್ತು. ಸ್ಟಾಪುಗಳು ಹಾಗೇ ಇದ್ದವು. ಗಾಡಿಗಳೂ ಚೆನ್ನಾಗಿದ್ದವು. ಶೆಡ್ ಇಲ್ಲ, ಅಷ್ಟೇ. ಸಿಎಸ್‌ನವರು ಇದನ್ನ 'ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್' ಅಂತಾರೆ. ಇಡೀ ವ್ಯವಸ್ಥೆ ಸರಿಯಿದ್ದು ಒಂದೇ ಕೊಂಡಿ ಹೋದರೂ ಎಲ್ಲ ನಿಲ್ಲತ್ತೆ.

ಬೇರೆ ಕಡೆ, ಪಯೊನಿಯರ್ ಸ್ಕ್ವೇರ್ ಹತ್ತಿರ, ಖಾಸಗಿ ಕಟ್ಟಡವೊಂದರ ಜೊತೆಗೆ ಹೊಸ ಶೆಡ್ ಮಾಡೋ ಯೋಜನೆ ಇತ್ತು. ಅದು ಆಗಲಿಲ್ಲ. ಟ್ರಾಮ್ ಬದಲು 99 ನಂಬರಿನ ಬಸ್ ಬಿಟ್ಟರು. ಅಷ್ಟರಲ್ಲಿ ದಂಡೆಯ ಮೇಲ್ಸೇತುವೆಯನ್ನ ಕೆಡವಿ ಸುರಂಗ ಮಾಡೋ ದೊಡ್ಡ ಕೆಲಸ ಬಂತು. ಟ್ರಾಮ್ ಮತ್ತೆ ಬರಲೇ ಇಲ್ಲ. ಕೊನೆಗೆ ಮೂರು ಗಾಡಿಗಳನ್ನ ಸೇಂಟ್ ಲೂಯಿಸ್‌ನ ಟ್ರಾಲಿ ಯೋಜನೆಗೆ ಮಾರಿದರು.

ಪಾರ್ಕು ಬೇಡವಾಗಿತ್ತು ಅಂತ ನಾವು ಹೇಳ್ತಿಲ್ಲ. ಎಣ್ಣೆ ಸುರಿದ ನೆಲದ ಮೇಲೆ ಊರಿನ ಜನ ಪುಕ್ಕಟೆ ಕೂತು ಸೂರ್ಯಾಸ್ತ ನೋಡೋ ಹಾಗಾಗಿದ್ದು ಸಣ್ಣ ಕೆಲಸ ಅಲ್ಲ. ನಮ್ಮ ಪ್ರಶ್ನೆ ಬೇರೆ. ಅದೇ ಯೋಜನೆಯಲ್ಲಿ ಮೀನು ಉಳೀತು, ರೈಲು ಒಂದು ದಿನವೂ ತನ್ನ ದಾರಿ ಬಿಟ್ಟುಕೊಡಲಿಲ್ಲ, ಟ್ರಾಮ್ ಮಾತ್ರ ಯಾಕೆ ಹೋಯ್ತು?

ನಮಗೆ ಕಾಣೋ ಉತ್ತರ ಇದು. ಮೀನಿಗೆ ಕಾಯ್ದೆ ಇತ್ತು. ರೈಲಿಗೆ ಆಸ್ತಿಯ ಹಕ್ಕು ಇತ್ತು. ಕಲುಷಿತ ಮಣ್ಣಿಗೆ ನಿಯಮ ಇತ್ತು. ಶಿಲ್ಪಕ್ಕೆ ನಿಧಿ ಇತ್ತು. ಇವೆಲ್ಲ 'ಇದಾಗದೆ ಮುಂದೆ ಹೋಗೋ ಹಾಗಿಲ್ಲ' ಅನ್ನೋ ಷರತ್ತುಗಳು. ಟ್ರಾಮಿಗೆ ಇದ್ದಿದ್ದು 'ಆಮೇಲೆ ಇನ್ನೊಂದು ಕಡೆ ಕಟ್ಟೋಣ' ಅನ್ನೋ ಯೋಜನೆ ಮಾತ್ರ. ಹೊಸ ಶೆಡ್ ಕಟ್ಟಿ ಮುಗಿಸಿದ ಮೇಲೇ ಹಳೇದನ್ನ ಮುಟ್ಟಬೇಕು ಅಂತ ಒಂದು ಸಾಲು ಗಟ್ಟಿಯಾಗಿ ನಿಂತಿದ್ದರೆ ಕಥೆ ಬೇರೆ ಆಗ್ತಿತ್ತು. 'ಆಮೇಲೆ' ಅನ್ನೋ ಪದಕ್ಕೆ ಎಷ್ಟು ಬೆಲೆ ಅಂತ ನಮಗೂ ಗೊತ್ತು, ನಮ್ಮ ಲ್ಯಾಬ್ ರೆಕಾರ್ಡ್ ನೋಡಿದವರಿಗೂ ಗೊತ್ತು.

ನಮಗೇನು ಇದರಿಂದ?

ಇನ್ನು ಎರಡೂವರೆ ವರ್ಷಕ್ಕೆ ನಮ್ಮಲ್ಲಿ ಕೆಲವರು ಡ್ರಾಯಿಂಗ್ ಮಾಡೋ ಕಡೆ ಇರ್ತೀವಿ, ಕೆಲವರು ಪಾಸು ಮಾಡೋ ಕಡೆ, ಬಹಳ ಜನ ಆ ಪಾರ್ಕಿನ ಪಕ್ಕದ ಬಸ್ ಸ್ಟಾಪಿನಲ್ಲಿ ನಿಲ್ಲೋ ಕಡೆ. ಮೂರೂ ಕಡೆಯವರಿಗೆ ಈ ಕಥೆಯಿಂದ ಕೆಲವು ಪ್ರಶ್ನೆ ಸಿಗತ್ತೆ. ಈ ಜಾಗದಲ್ಲಿ ಈಗ ಏನು ನಡೀತಿದೆ? ಅದು ನಿಂತರೆ ಬೇರೆಲ್ಲಿ ಏನು ನಿಲ್ಲತ್ತೆ? ಮಾತಾಡೋಕೆ ಬಾರದವರ ಪರವಾಗಿ ಯಾವ ನಿಯಮ ಇದೆ? ಕಟ್ಟಿದ ಮೇಲೆ ಹತ್ತು ವರ್ಷ ನಡೆಸೋ ದುಡ್ಡು ಎಲ್ಲಿದೆ? 'ಆಮೇಲೆ ಮಾಡ್ತೀವಿ' ಅಂದಿದ್ದಕ್ಕೆ ತಾರೀಖು ಯಾವುದು?

ಇನ್ನೊಂದು ವಿಷಯ ಕೇಳಿದರೆ ನಿಮಗೂ ಖುಷಿ ಆಗಬಹುದು. ಸಿಯಾಟಲ್‌ನ ಡಿಸೈನ್ ಕಮಿಷನ್‌ನಲ್ಲಿ ಈಗ ಒಂದು ಜಾಗವನ್ನ 18ರಿಂದ 29 ವಯಸ್ಸಿನವರಿಗೆ ಅಂತಲೇ ಇಟ್ಟಿದ್ದಾರೆ. ನಮ್ಮ ವಯಸ್ಸಿನ ಒಬ್ಬರು ಆರ್ಕಿಟೆಕ್ಟ್‌ಗಳ ಪಕ್ಕ ಕೂತು 'ಈ ಗೋಡೆ ಇಲ್ಲಿ ಯಾಕೆ' ಅಂತ ಕೇಳಬಹುದು. ನಮ್ಮ ಊರುಗಳಲ್ಲೂ ಕೆರೆ ದಂಡೆ, ನದಿ ದಂಡೆ, ಕಡಲ ದಂಡೆಗೆ ಯೋಜನೆಗಳು ಬರ್ತಾನೇ ಇರ್ತವೆ. ಪೇಪರಿನಲ್ಲಿ ಬಣ್ಣದ ಚಿತ್ರ ಬರತ್ತೆ. ಅದರಲ್ಲಿ ಮರ ಇರತ್ತೆ, ಬಲೂನು ಹಿಡಿದ ಮಗು ಇರತ್ತೆ.

ಆ ಚಿತ್ರ ನೋಡಿ ಸುಮ್ಮನಾಗಬೇಡಿ. ಸಿಕ್ಕರೆ ಪ್ಲಾನ್ ಹಾಳೆ ತೆಗೆದು ನೋಡಿ. ಉಳಿಯೋದನ್ನ, ಹೊಸದಾಗಿ ಕಟ್ಟೋದನ್ನ ಗಟ್ಟಿ ಗೆರೆಯಲ್ಲಿ ಹಾಕಿರ್ತಾರೆ. ಕೆಡವೋದನ್ನ ಸಾಮಾನ್ಯವಾಗಿ ತುಂಡು ಗೆರೆಯಲ್ಲಿ ತೋರಿಸಿರ್ತಾರೆ. ಮೊದಲು ಆ ತುಂಡು ಗೆರೆಗಳನ್ನ ಹುಡುಕಿ, ಅದರೊಳಗೆ ಈಗ ಯಾರಿದ್ದಾರೆ ಅಂತ ಹೋಗಿ ಕೇಳಿ.